ಬಾಯಿಂದ ಬಂದ ಹುಣ್ಣು

ಆ ಮೇ ತಿಂಗಳಲ್ಲಿ ಮೂತ್ರಕ್ಕೆ ಹೋಗಬೇಕೆಂದರೆ ನನಗೆ ನಡುಕ ಬರುತ್ತಿತ್ತು. ಜ್ವರ, ತೊಡೆಸಂದಿನಲ್ಲಿ ಗಂಟು, ಕೆಳಗೆ ಗುಳ್ಳೆಗಳೊಡೆದು ಹಸಿ ಹುಣ್ಣು. ಬಟ್ಟೆ ತಾಗಿದರೂ ಉರಿ. ಅತ್ತೆ ಬಾರ್ಲಿ ನೀರು ಮಾಡಿಕೊಟ್ಟರು. ಆ ಮನೆಯಲ್ಲಿ ಅವರು ಅಕ್ಕರೆಯಿಂದ ಕೊಟ್ಟ ಕೊನೆಯ ಲೋಟ ಅದು.

ಚೆನ್ನೈನ ಪುರಸೈವಾಕ್ಕಂನಲ್ಲಿ ಕೆಳಗೆ ಅವರ ಜವಳಿ ಅಂಗಡಿ, ಮೇಲೆ ಮನೆ. ನಾನು ರೈಲ್ವೆ ನೌಕರನ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನಲ್ಲಿ. ವಿಮಾ ಕಂಪನಿಯಲ್ಲಿ ಕೆಲಸ. ಮೀಟಿಂಗೆಂದು ಊರೂರಿಗೆ ಹೋಗುವ ಸೊಸೆಯನ್ನು ಅತ್ತೆ ಎಂದೂ ಒಪ್ಪಿರಲಿಲ್ಲ.

ಅಣ್ಣಾ ನಗರದ ಡಾಕ್ಟರಮ್ಮ ನೋಡಿದ ಕೂಡಲೇ ಹರ್ಪಿಸ್ ಎಂದರು. ಹುಣ್ಣಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ಮಾತ್ರೆ ಬರೆದುಕೊಟ್ಟರು. ಇದು ಲೈಂಗಿಕ ಸಂಪರ್ಕದಿಂದ ಅಂಟುವ ಸೋಂಕು ಎಂದು ಅವರು ಹೇಳುತ್ತಿದ್ದಾಗ, ಪಕ್ಕದಲ್ಲಿದ್ದ ನನ್ನ ಗಂಡ ಕುರ್ಚಿಯನ್ನು ಆಚೆಗೆ ಸರಿಸಿಕೊಂಡ. ಆ ಸದ್ದನ್ನು ನಾನಿನ್ನೂ ಕ್ಷಮಿಸಿಲ್ಲ.

ಕಾರಿನಲ್ಲಿ ಕೇಳಿದ, "ಯಾರು?"

"ನೀವಲ್ದೆ ಇನ್ಯಾರು?"

"ನನಗೆ ಅಲ್ಲೇನೂ ಆಗಿಲ್ಲ. ನಾನು ಬೇರೆ ಯಾರ ಹತ್ರಾನೂ ಹೋಗಿಲ್ಲ. ನಿನ್ನ ಕತೆ ಹೇಳು."

ಸಂಜೆಯೊಳಗೆ ಅವನು ತಾಯಿಗೆ ಎಲ್ಲವನ್ನೂ ಹೇಳಿಯಾಗಿತ್ತು. ನನ್ನ ಟವೆಲು, ತಟ್ಟೆ, ಹೊದಿಕೆ ಬೇರೆಯಾದವು. ಅತ್ತೆ ನನ್ನ ಮುಖ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದರು: "ಆಫೀಸು ಆಫೀಸು ಅಂತ ಊರೆಲ್ಲ ಸುತ್ತಿದ್ರೆ ಇನ್ನೇನು ಬರುತ್ತೆ? ನಮ್ಮ ಮಾನ ಎಲ್ಲಾ ಪೋಚು, ಹೋಯ್ತು."

ಪರೀಕ್ಷೆಯ ಫಲಿತಾಂಶಕ್ಕೆ ಗಂಡನನ್ನು ಎಳೆದುಕೊಂಡೇ ಹೋದೆ. ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಈ ವೈರಸ್ಸಿನಲ್ಲಿ ಎರಡು ಬಗೆ. ಎರಡನೆಯದು ಹೆಚ್ಚಾಗಿ ಜನನಾಂಗದ್ದು. ನನಗೆ ಬಂದಿರುವುದು ಒಂದನೆಯದು. ಅದು ಬಹಳ ಜನಕ್ಕೆ ಚಿಕ್ಕಂದಿನಲ್ಲೇ ಮುದ್ದು ಮಾಡುವವರ ಬಾಯಿಂದ ಅಂಟಿ, ನರದಲ್ಲಿ ಅಡಗಿದ್ದು, ಆಗಾಗ ತುಟಿಯ ಮೇಲೆ ಏಳುತ್ತದೆ. ಬಾಯಿಂದ ಜನನಾಂಗಕ್ಕೂ ಹೋಗುತ್ತದೆ.

ಅವರು ಗಂಡನ ಕಡೆ ತಿರುಗಿದರು. "ನಿಮಗೆ ತುಟಿ ಮೇಲೆ ನೀರುಗುಳ್ಳೆ ಬರುತ್ತಾ?"

"ಇಲ್ಲ," ಎಂದ.

"ಬರುತ್ತೆ," ಎಂದೆ ನಾನು. "ಹೋದ ತಿಂಗಳೂ ಬಂದಿತ್ತು. ಉಷ್ಣ ಅಂತ ಇವರಮ್ಮ ಬೆಣ್ಣೆ ಹಚ್ಚಿದ್ರು."

ಯಾರಿಂದ ಬಂತೆಂದು ಪರೀಕ್ಷೆ ಹೇಳುವುದಿಲ್ಲ, ಆದರೆ ಇಷ್ಟು ತಿಳಿದ ಮೇಲೆ ಹೊರಗೆ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ ಎಂದರು ಡಾಕ್ಟರಮ್ಮ. ವೈರಸ್ ಮೈಯಲ್ಲೇ ಉಳಿಯುತ್ತದಂತೆ. ಆದರೆ ಒಂದನೆಯ ಬಗೆ ಕೆಳಗೆ ಮರುಕಳಿಸುವುದು ಕಡಿಮೆಯಂತೆ. ಗುಳ್ಳೆ ಇರುವಾಗ ದೂರವಿರಿ, ಇಲ್ಲದಾಗಲೂ ಅಂಟಬಹುದು ಎಂದೂ ಹೇಳಿದರು. ಅವನು ಫೋನು ನೋಡುತ್ತಿದ್ದ.

ಮೆಟ್ಟಿಲಿಳಿಯುವಾಗ, "ನಿಮ್ಮಮ್ಮಂಗೆ ಹೇಳಿ," ಎಂದೆ.

"ಇಂಥದ್ದೆಲ್ಲ ಅಮ್ಮನ ಹತ್ರ ಹೇಗೆ ಹೇಳೋದು?"

"ನನ್ನ ವಿಷಯ ಹೇಗೆ ಹೇಳಿದ್ರೋ ಹಾಗೇ."

ಅವನು ಹೇಳಲಿಲ್ಲ. ಒಂದು ಭಾನುವಾರ ಊಟದ ಹೊತ್ತಿಗೆ ನಾನೇ ಹೇಳಿದೆ, ಸಾರು ಬಡಿಸುತ್ತಾ: ನನಗೆ ಬಂದಿರೋದು ನಿಮ್ಮ ಮಗನ ತುಟಿಯ ಗುಳ್ಳೆಯೇ ಅಂತ.

ಅತ್ತೆ ನಕ್ಕರು. "ಬಾಯಿ ಗುಳ್ಳೆ ಅಲ್ಲಿಗೆ ಹೇಗೆ ಹೋಗುತ್ತೆ?"

"ನಿಮ್ಮ ಮಗನ್ನೇ ಕೇಳಿ ಅತ್ತೆ."

ಅವನ ಕಿವಿ ಕೆಂಪಾಯಿತು. ಅತ್ತೆ ಮಗನನ್ನು ನೋಡಿದರು, ಅರ್ಥವಾಯಿತು, ಎದ್ದು ಕೈ ತೊಳೆದರು. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಒಳಗಿನಿಂದ ಅವರ ದನಿ ಬಂತು: "ಈ ನಾಚಿಕೆಗೆಟ್ಟವಳನ್ನ ಅವರಪ್ಪನ ಮನೆಗೆ ಕಳಿಸು."

ಕಳಿಸುವವರೆಗೆ ನಾನು ಕಾಯಲಿಲ್ಲ. ವೆಸ್ಟ್ ಮಾಂಬಲಂನಲ್ಲಿ ಸ್ಟೇಷನ್ನಿಗೆ ಹತ್ತಿರ ಒಂದು ಸಣ್ಣ ಫ್ಲ್ಯಾಟ್ ಹಿಡಿದೆ. ಹುಣ್ಣು ಮತ್ತೆ ಒಮ್ಮೆ ಬಂತು, ಮೊದಲಿನಷ್ಟು ಜೋರಾಗಿರಲಿಲ್ಲ. ಮಾತ್ರೆ ತೆಗೆದುಕೊಂಡು ಆಫೀಸಿಗೆ ಹೋದೆ.

ದೀಪಾವಳಿಯ ವ್ಯಾಪಾರ ಮುಗಿದ ಮೇಲೆ ಅವನು ಮಾತಾಡಬೇಕೆಂದು ಬಂದ. ಮನೆಗೆ ಕರೆಯಲಿಲ್ಲ, ಬೀದಿ ಕೊನೆಯ ಹೋಟೆಲಿನಲ್ಲಿ ಕೂತೆವು. ಹೇಗಿದ್ದೀಯ ಎಂದು ಕೇಳಬಹುದು ಎಂದುಕೊಂಡಿದ್ದೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಇದನ್ನ ಯಾರ ಹತ್ರಾನಾದ್ರೂ ಹೇಳಿದೀಯಾ?"

ಯಾರಿಗೂ ಹೇಳಿರಲಿಲ್ಲ. "ಎಲ್ಲರಿಗೂ ಹೇಳಿದೀನಿ," ಎಂದೆ.

ಅವನು ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದ. ನಾನು ನನ್ನದನ್ನು ಪೂರ್ತಿ ಕುಡಿದೆ.