ಪೀಟರ್ ಸಾಹೇಬರ ಊರು ಬರೆದವನು

ಕೊಲ್ಲಿ ದೇಶದ ರುಸೈಲ್‌ನ ಉಕ್ಕಿನ ಕಾರ್ಖಾನೆಯೊಂದರಲ್ಲಿ ಸಚ್ಚಿದಾನಂದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್, ಬಾಗಲಕೋಟೆಯ ಕಡೆಯವನು. ಎರಡು ಸಾವಿರದ ಹದಿನಾರರಲ್ಲಿ ಕಚ್ಚಾ ಎಣ್ಣೆಯ ಬೆಲೆ ಪಾತಾಳ ಕಂಡು ಹೊಸ ಟೆಂಡರುಗಳು ನಿಂತವು, ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಮಗಳು ಆಶಿತಾಳಿಗೆ ಮುಂದಿನ ಮಾರ್ಚಿನಲ್ಲಿ ಹನ್ನೆರಡನೆಯ ತರಗತಿಯ ಪರೀಕ್ಷೆ. ಅಲ್ಲಿಯತನಕ ಕೆಲಸ ಉಳಿದರೆ ಸಾಕು, ಆಮೇಲೆ ಏನಾದರಾಗಲಿ ಎಂದುಕೊಂಡಿದ್ದ.

ಅವನ ಮೇಲಧಿಕಾರಿ ಪೀಟರ್ ಸ್ಕಾಟ್ಲೆಂಡಿನವರು. ತಮ್ಮೂರಲ್ಲಿ ಕೆಡವಿಹಾಕಿದ ಕಟ್ಟಡಗಳ ಚರಿತ್ರೆ ಬರೆಯುವ ಗೀಳು ಅವರಿಗೆ. ಹಳೆಯ ಫೋಟೊಗಳನ್ನು ತಂದು, ಹೇಗೂ ಕೈ ಖಾಲಿ ಇದೆಯಲ್ಲ, ಇವುಗಳ ನಕ್ಷೆ ಬರೆದುಕೊಡು ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಾಹೇಬರ ಊರು ಮುಗಿಯುವತನಕ ತನ್ನನ್ನು ಯಾರು ಕಳಿಸುತ್ತಾರೆ ಎಂಬ ಭಂಡ ಧೈರ್ಯದಲ್ಲಿ ಅವನು ನೂಲಿನ ಗಿರಣಿ, ಸಿನೆಮಾ ಮಂದಿರ, ಚರ್ಚು ಎಲ್ಲವನ್ನೂ ನಿಧಾನವಾಗಿ ಬರೆದ. ಟೌನ್ ಹಾಲಿನ ಬಾಗಿಲು ಫೋಟೊದಲ್ಲಿ ಕಾಣಲಿಲ್ಲ. ವಾಸ್ತು ನೋಡಿ ರೂಢಿಯಾದ ಕೈ, ಪೂರ್ವಕ್ಕಿಟ್ಟುಬಿಟ್ಟಿತು. ಪೀಟರ್ ಅವರ ತಾಯಿ ಫೋನಿನಲ್ಲಿ ನಕ್ಕು, ಅದು ಪಶ್ಚಿಮಕ್ಕಿತ್ತು ಎಂದರಂತೆ. ತಪ್ಪಾಯಿತೆಂದು ಇವನಿಗೆ ಬೇಸರವಾಗಲಿಲ್ಲ, ತಿದ್ದುವ ನೆಪದಲ್ಲಿ ಇನ್ನಷ್ಟು ದಿನ ಸಿಕ್ಕಿತೆಂದು ಸಮಾಧಾನವಾಯಿತು.

ಜನವರಿಯಲ್ಲಿ ಇನ್ನಷ್ಟು ಜನರನ್ನು ಕಳಿಸುವ ಮಾತು ಬಂತು. ಪೀಟರ್ ಒಳ್ಳೆಯ ಮನಸ್ಸಿನಿಂದಲೇ ಆ ನಕ್ಷೆಗಳನ್ನು ದೊಡ್ಡವರ ಸಭೆಗೆ ಒಯ್ದು, ಇಂಥ ಕೈಯನ್ನು ಬಿಡಬೇಡಿ ಎಂದು ಕೇಳಿಕೊಂಡರು. ಸಭೆ ತಲೆದೂಗಿತು. ಆಮೇಲೆ ಒಬ್ಬರು, ಇಷ್ಟೆಲ್ಲ ಬರೆಯಲು ಆಫೀಸಿನಲ್ಲಿ ಇವನಿಗೆ ಬಿಡುವು ಎಲ್ಲಿತ್ತು ಎಂದು ಕೇಳಿದರು. ಕಳಿಸುವವರ ಪಟ್ಟಿಗೆ ಅವನ ಹೆಸರೂ ಸೇರಿತು. ಸಾಹೇಬರ ಉಪಕಾರವೇ ಬಡವನ ಬುಡಕ್ಕೆ ಕೊಡಲಿಯಾಯಿತು.

ಬೌಷರ್‌ನ ಬಾಡಿಗೆ ಮನೆಗೆ ಬಂದವನು ಬೂಟು ಬಿಚ್ಚದೆ ಹೆಂಡತಿ ಪ್ರತಿಮಾಳಿಗೆ ಹೇಳಿದ.

"ಖಲಾಸ್ ಆತು. ತಿಂಗಳದಾಗ ನಾವೆಲ್ಲಾರೂ ಹೊಂಡಬೇಕು."

"ಆಶಿತಾನ ಪರೀಕ್ಷಾ?"

ಅವನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದ. ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಹೋಗಿ ಪುಸ್ತಕದ ಮುಂದೆ ಕೂತಳು, ಹಾಳೆ ತಿರುವಲಿಲ್ಲ.

"ಹೋಗೂದರ ಎಲ್ಲಿಗ್ರಿ?" ಎಂದಳು ಪ್ರತಿಮಾ.

ಹಳೇ ಬಾಗಲಕೋಟೆಯ ಅವರ ಓಣಿ ಆಲಮಟ್ಟಿಯ ಹಿನ್ನೀರಿಗೆ ಹೋಗಿತ್ತು. ಅದರ ಬದಲಿಗೆ ಸಿಕ್ಕ ನಿವೇಶನವನ್ನು ಮಾರಿಯೇ ಅವನು ಇಲ್ಲಿಗೆ ಬಂದದ್ದು. ಆದರೂ ಕಣ್ಣುಮುಚ್ಚಿ ತನ್ನ ಓಣಿಯನ್ನು ನೆನೆಯಲು ನೋಡಿದ. ದುಃಖ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗಿರಣಿ ದಾಟಿ ಎಡಕ್ಕೆ ಹೊರಳಿದರೆ ಚರ್ಚು, ಅದರಾಚೆ ಸಿನೆಮಾ ಮಂದಿರ. ಬಂದದ್ದು ಪೀಟರ್ ಸಾಹೇಬರ ಊರು.