ಆಜಿಯ ಬಾಗಿಲ ನಿಂಬೆಹಣ್ಣು

ಪಕ್ಕದ ಮನೆಯ ಬಾಗಿಲಿಗೆ ಕಟ್ಟಿದ್ದ ದೃಷ್ಟಿಯ ನಿಂಬೆಹಣ್ಣನ್ನು ಕಿತ್ತು ಹಂಡೆ ತಿಕ್ಕಿದ ಬುದ್ಧಿವಂತ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲವಾದರೆ ನಾನೀಗ ಇರುವ ಕುರ್ಲಾದಿಂದ ಊರಿಗೆ ಬರುವ ಯಾವನಾದರೂ ಇದಕ್ಕೆ ಉಪ್ಪುಖಾರ ಹಚ್ಚಿ ನಿಮಗೆ ಹೇಳಿಯಾನು.

ನಮ್ಮ ಚಾಳೆಂದರೆ ಒಂದು ಉದ್ದ ಜಗಲಿ, ಸಾಲು ಬಾಗಿಲು, ಎಲ್ಲರಿಗೂ ಸೇರಿ ಒಂದು ನಲ್ಲಿ. ಬಂದ ಹೊಸತರಲ್ಲಿ ಒಂದು ಶನಿವಾರ ಬೆಳಿಗ್ಗೆ ನೋಡುತ್ತೇನೆ, ಪಕ್ಕದ ಆಜಿಯ ಬಾಗಿಲಲ್ಲಿ ನಿಂಬೆಹಣ್ಣು, ಹಸಿಮೆಣಸು ದಾರದಲ್ಲಿ ತೂಗುತ್ತಿವೆ! (ಆಜಿ ಎಂದರೆ ಮರಾಠಿಯ ಅಜ್ಜಿ.) ನಮ್ಮ ಕಡೆ ದೃಷ್ಟಿಯಾದರೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರೆ ಮುಗಿಯಿತು. ಬಾಗಿಲಿಗೇ ಕಾವಲು ಕಟ್ಟುವುದು ನನಗೇನು ಗೊತ್ತು? ಒಳಗೆ ಜಾಗವಿಲ್ಲದೆ ತರಕಾರಿಯನ್ನು ಹೊರಗೆ ನೇತುಹಾಕಿದ್ದಾರೆ ಎಂದುಕೊಂಡೆ.

ಅಂದು ನಮ್ಮ ಕೋಣೆಯ ತಾಮ್ರದ ಹಂಡೆ ತೊಳೆಯುವ ಸರದಿ ನನ್ನದು. ಮೈತುಂಬ ಹಸಿರು ಕಿಲುಬು. ಊರಲ್ಲಾದರೆ ಹಿತ್ತಲಲ್ಲಿ ಬಿದ್ದ ನಿಂಬೆಗೆ ಯಾರ ಅಪ್ಪಣೆಯೂ ಬೇಡ. ಹೋಳು ಮಾಡಿ, ಉಪ್ಪಿಗೆ ಅದ್ದಿ ತಿಕ್ಕುವುದೇ. ಇಲ್ಲೂ ಹಾಗೇ ಮಾಡಿದೆ. ಹಂಡೆ ಮದುಮಗನಂತೆ ಕೆಂಪೇರಿತು. ಮೆಣಸನ್ನು ಚಟ್ನಿಗೆಂದು ಎತ್ತಿಟ್ಟೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಗಿರಣಿಯ ಭೋಂಗಾದ ಕೂಗಿನಿಂದ ಹಿಡಿದು ಆಜಿಯ ಕೆಮ್ಮಿನವರೆಗೆ ಎಲ್ಲವನ್ನೂ ಅಣಕಿಸುವ ಚಪಲ ನನ್ನದು. ಖುಷಿಯಲ್ಲಿ ಆಜಿಯ ದನಿ ತೆಗೆದು, "ಪಾಣಿ ಆಲಂ ರೇ!" ಎಂದೆ. ನೀರು ಬಂತೆಂದು ಅವರು ದಿನವೂ ಹಾಕುವ ಕೂಗು ಅದು. ಇಡೀ ಚಾಳು ಬಕೆಟ್ ಹಿಡಿದು ಓಡಿ ಬಂತು, ಸಾಕ್ಷಾತ್ ಆಜಿಯೂ ಬಂದರು. ನಲ್ಲಿಯಲ್ಲಿ ನೀರಿಲ್ಲ. ಎಲ್ಲರ ಕಣ್ಣು ನನ್ನ ಕೈಯ ಹೋಳಿಗೆ, ಅಲ್ಲಿಂದ ಆಜಿಯ ಬೋಳು ಬಾಗಿಲಿಗೆ.

"ದೃಷ್ಟಿಯ ನಿಂಬೆ ಕಿತ್ತವನು ಇಲ್ಲಿ ಬೇಡ, ಅವನ ಗಂಟುಮೂಟೆ ಹೊರಗೆ ಹಾಕಿ!" ಎಂದು ಗದ್ದಲವೆದ್ದಿತು.

ನನ್ನನ್ನು ಊರಿಂದ ಕರೆತಂದ ವಾಸಣ್ಣ ತಲೆಯ ಮೇಲೆ ಕೈಹೊತ್ತರು. "ನಿಂಗೆ ಬೇರೆ ಜಾಗ ಎಲ್ಲಿ ಉಂಟು ಮಾರಾಯಾ? ಸ್ಟೇಶನ್ನಲ್ಲಿ ಮಲಗ್ತೀಯಾ?"

ನಾನು ಹೋಳನ್ನು ಬೆನ್ನ ಹಿಂದೆ ಅಡಗಿಸಿದೆ. ಆಜಿ ಬಗ್ಗಿ ಹಂಡೆಯಲ್ಲಿ ಮುಖ ನೋಡಿಕೊಂಡರು, ಸೆರಗು ಸರಿಮಾಡಿಕೊಂಡು ಗುಂಪಿನತ್ತ ತಿರುಗಿ ಎರಡು ಮಾತು ಹೇಳಿದರು. ಬಕೆಟುಗಳು ಒಳಗೆ ಹೋದವು. ನನ್ನ ಉಸಿರು ಹೊರಗೆ ಬಂತು.

ಈಗ ಶನಿವಾರ ಆಜಿಯ ಬಾಗಿಲಿಗೆ ನಿಂಬೆ ಕಟ್ಟುವವನು ನಾನೇ. ಊರಿಗೆ ಬಂದರೆ ನಮ್ಮದೇ ಹಿತ್ತಲಿನ ನಿಂಬೆಗೆ "ತೆಗೀಲಾ?" ಎಂದು ಕೇಳುತ್ತೇನೆ, ಅಮ್ಮ ನಗುತ್ತಾಳೆ. ನಾನೂ ಆ ನಿಂಬೆಯಂತೆಯೇ, ಅಲ್ಲೊಂದು ಹೋಳು, ಇಲ್ಲೊಂದು ಹೋಳು. ನೀನೀಗ ಯಾವ ಊರವನೋ ಎಂದು ಯಾರಾದರೂ ಕೆಣಕಿದರೆ, ಅಂದು ಆಜಿ ಹೇಳಿದ್ದನ್ನು ಅವರದೇ ದನಿಯಲ್ಲಿ ಒಪ್ಪಿಸುತ್ತೇನೆ:

"ಓಡಿಸ್ರಿ, ಓಡಿಸ್ರಿ. ನನ್ನ ಮನೆಗೆ ಬಿದ್ದ ಕಣ್ಣೆಲ್ಲ ಈಗ ಇವನ ಕೈಗೆ ಅಂಟಿದೆ. ಇವನು ಹೋದ್ಮೇಲೆ ಅದನ್ನ ನಿಮ್ಮಲ್ಲಿ ಯಾರು ಹೊರ್ತೀರಿ?"