ಪ್ರಬಂಧದೊಳಗಿನ ಅಪ್ಪ

ಪ್ರಬಂಧಗಳಲ್ಲಿ ಬರುವ ಮನೆಗಳೇ ಬೇರೆ. ಅಲ್ಲಿ ಎಲ್ಲರೂ ಸೂರ್ಯ ಹುಟ್ಟುವ ಮುಂಚೆ ಏಳುತ್ತಾರೆ. ಯಾರೂ ಯಾರನ್ನೂ ಬಯ್ಯುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾಗುವುದಿಲ್ಲ, ನೆಂಟರು ಬಂದ ದಿನವೇ ಗ್ಯಾಸು ಮುಗಿಯುವುದಿಲ್ಲ. ಅಪ್ಪ ಅನ್ನುವವನು ಅಲ್ಲಿ 'ತಂದೆಯವರು' ಆಗಿರುತ್ತಾನೆ, ಅಮ್ಮ 'ತಾಯಿಯವರು' ಆಗಿರುತ್ತಾಳೆ, ಮಕ್ಕಳು ಹೇಳಿದ ಮಾತನ್ನು ಮೊದಲನೇ ಸಲಕ್ಕೇ ಕೇಳುತ್ತಾರೆ. ವೈದ್ಯನಾಥಪುರದ ಅಮೃತ ಇದನ್ನು ಹೈಸ್ಕೂಲಿನಲ್ಲೇ ಕಂಡುಕೊಂಡಿದ್ದಳು. ಅಂಥದೊಂದು ಮನೆ ಕಟ್ಟಿ ನಿಲ್ಲಿಸಿಬಿಟ್ಟರೆ ಸಾಕು, ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಉತ್ತಮ' ಬೀಳುತ್ತಿತ್ತು. ಈಗ ಮದ್ದೂರಿನಲ್ಲಿ ಎರಡನೇ ಪಿಯುಸಿಗೆ ಬರುವ ಹೊತ್ತಿಗೆ, ಪ್ರಬಂಧ ಅಂದರೆ ಅಮೃತ ಅನ್ನುವಷ್ಟು ಹೆಸರಾಗಿತ್ತು.

ಹೆಸರು ಮಾಡಿಸಿದವರು ಕನ್ನಡದ ಮರಿಸಿದ್ದಯ್ಯ ಮೇಷ್ಟ್ರು. ದಿನಾ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಮನುಷ್ಯ. "ಪೀಠಿಕೆ ಇಲ್ಲದ ಪ್ರಬಂಧ ಜಗಲಿ ಇಲ್ಲದ ಮನೆ, ಉಪಸಂಹಾರ ಇಲ್ಲದ್ದು ಸೂರಿಲ್ಲದ ಮನೆ" ಎಂದು ಅವರು ಹೇಳುವಾಗ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು, ಅಮೃತ ಮಾತ್ರ ತಲೆಯಾಡಿಸುತ್ತಿದ್ದಳು. ಜಗಲಿ, ಸೂರು ಎಲ್ಲ ಸರಿ, ನಡುವೆ ವಾಸಕ್ಕೆ ಯಾರನ್ನು ಇಡಬೇಕು ಅನ್ನುವುದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಅದನ್ನು ಅವಳೇ ಕಲ್ಪಿಸಿಕೊಳ್ಳುತ್ತಿದ್ದಳು.

ತಾಲ್ಲೂಕು ಮಟ್ಟದ ಸ್ಪರ್ಧೆಗೆ ಆ ಸಲ ಕೊಟ್ಟ ವಿಷಯ 'ಕುಟುಂಬ ಮತ್ತು ಮನರಂಜನೆ'. ಅಮೃತ ಪೆನ್ನಿನ ತುದಿ ಕಚ್ಚುತ್ತ ಕೂತಳು. ತನ್ನ ಮನೆಯನ್ನು ನೆನೆಸಿಕೊಂಡಳು, ಬೆವರು ಬಂತು. ಅಜ್ಜಿ ಮಲ್ಲಿಗಮ್ಮ ಸಂಜೆಯಾದರೆ ಧಾರಾವಾಹಿಯ ಮುಂದೆ ಕೂತು, ಅದರಲ್ಲಿನ ಘಟವಾಣಿ ಅತ್ತೆಯನ್ನು ಬೇಲಿಯಾಚೆಯ ಹೆಂಗಸನ್ನು ಬಯ್ಯುವ ಹಾಗೆ ಬಾಯಿ ತುಂಬ ಬಯ್ಯುತ್ತಿದ್ದಳು. ಅಮ್ಮ ಗಾರ್ಮೆಂಟ್ಸಿನಿಂದ ಬಂದು, ಅಡುಗೆ ಮುಗಿಸಿ, ಕಾಲು ಚಾಚಿ ಮೊಬೈಲಿನಲ್ಲಿ ರೀಲ್ಸು ನೋಡುತ್ತ ನೋಡುತ್ತಲೇ ನಿದ್ದೆಹೋಗುತ್ತಿದ್ದಳು. ಮೊಬೈಲು ಅವಳ ಎದೆಯ ಮೇಲೆ ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿತ್ತು.

ಇನ್ನು ಅಪ್ಪ. ಪುಟ್ಟಸ್ವಾಮಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಮಂಡ್ಯದಿಂದ ಮದ್ದೂರು, ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿ, ಮತ್ತೆ ವಾಪಸ್ಸು. ಒಂದು ದಿನ ಬಿಟ್ಟು ಒಂದು ದಿನ ಕೊನೇ ಟ್ರಿಪ್ಪಿಗೆ ಬಸ್ಸು ಬಸರಾಳಿನ ಕಡೆಯ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ತಂಗುತ್ತಿತ್ತು, ಅಪ್ಪನೂ ಬಸ್ಸಿನಲ್ಲೇ ಮಲಗುತ್ತಿದ್ದ. ಭಾನುವಾರ ಅನ್ನುವುದು ಅವನ ಕ್ಯಾಲೆಂಡರಿನಲ್ಲಿ ಬರೀ ಕೆಂಪು ಬಣ್ಣ. ಹೆಂಗಸರಿಗೆ ಟಿಕೆಟ್ಟು ಬಿಟ್ಟಿಯಾದ ಮೇಲಂತೂ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ, "ಮುಂದಕ್ಕೋಗ್ರವ್ವಾ, ಮುಂದಕ್ಕೋಗಿ" ಎಂದು ಕೂಗಿ ಕೂಗಿ ಅವನ ಗಂಟಲು ಒಡೆದ ತಮಟೆಯಾಗಿತ್ತು. ಆದರೆ ಮನೆಗೆ ಬಂದ ರಾತ್ರಿ, ಮುದ್ದೆ ಮುರಿಯುತ್ತ, ಅದೇ ಒಡಕು ಗಂಟಲಲ್ಲಿ ಅವತ್ತಿನ ಬಸ್ಸನ್ನು ನಡುಮನೆಗೆ ತರುತ್ತಿದ್ದ. ಹುಂಜಕ್ಕೆ ಟಿಕೆಟ್ಟು ಕೇಳಿದರೆ "ಇದೂ ಎಂಗ್ಸೇ ಕಣಪ್ಪ" ಎಂದು ವಾದಿಸಿದ ಮುದುಕಿ, ಮಂಡ್ಯದ ಬಸ್ಸಿಗೆ ಹತ್ತಿ ಮಳವಳ್ಳಿ ಯಾಕೆ ಬರಲಿಲ್ಲ ಎಂದು ಜಗಳಕ್ಕೆ ನಿಂತವನು, ಎಲ್ಲರೂ ಅವರವರ ದನಿಯಲ್ಲೇ ಬರುತ್ತಿದ್ದರು. ಅಜ್ಜಿಗೆ ನಗುವಾಗ ನೆತ್ತಿಗೆ ಹತ್ತಿ, ಅಮ್ಮ ಬೆನ್ನು ತಟ್ಟಬೇಕಾಗುತ್ತಿತ್ತು. ನಿದ್ದೆಗಣ್ಣಿನ ಅಮ್ಮನೂ ಆ ಹೊತ್ತು ಎಚ್ಚರವಾಗಿರುತ್ತಿದ್ದಳು.

ಆದರೆ ಹುಂಜದ ಟಿಕೆಟ್ಟು ಪ್ರಬಂಧಕ್ಕೆ ಬರುತ್ತದೆಯೇ? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಮೃತ ಪೆನ್ನು ಬಾಯಿಂದ ತೆಗೆದು, ತನಗೆ ಗೊತ್ತಿದ್ದ ಆ ಇನ್ನೊಂದು ಮನೆಯನ್ನು ಕಟ್ಟತೊಡಗಿದಳು.

'ನಮ್ಮ ತಂದೆಯವರು ಸರ್ಕಾರಿ ನೌಕರರು. ಪ್ರತಿ ಭಾನುವಾರ ಅವರು ನಮ್ಮನ್ನು ಶಿಂಷಾ ನದಿಯ ತೀರಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ತಾಯಿಯವರು ಬುತ್ತಿಯನ್ನು ಬಿಚ್ಚಿ ಎಲ್ಲರಿಗೂ ಹಂಚುತ್ತಾರೆ. ಅಜ್ಜಿಯವರು ನೀತಿಕಥೆಗಳನ್ನು ಹೇಳುತ್ತಾರೆ. ತಂದೆಯವರ ಕಂಠ ಬಹಳ ಇಂಪಾದದ್ದು. ಅವರು ಹಾಡುವಾಗ ನದಿಯೂ ನಿಂತು ಕೇಳುವಂತೆ ಭಾಸವಾಗುತ್ತದೆ...'

ನದಿ ಮನೆಯಿಂದ ಕೂಗಳತೆಯಲ್ಲಿತ್ತು, ಅಷ್ಟು ಮಾತ್ರ ನಿಜ. ನಾಲ್ಕು ಜನವೂ ಒಟ್ಟಿಗೆ ಅಲ್ಲಿ ಕೂತ ನೆನಪೇ ಅವಳಿಗಿರಲಿಲ್ಲ.

ಮೊದಲನೇ ಬಹುಮಾನ ಬಂತು. ಅಜ್ಜಿ ದೃಷ್ಟಿ ತೆಗೆದಳು. ಅಪ್ಪ ಮಾರನೇ ರಾತ್ರಿ ಬಂದು, ಪ್ರಮಾಣಪತ್ರವನ್ನು ಬಲ್ಬಿನ ಕೆಳಗೆ ಹಿಡಿದು ನೋಡಿ, "ಏನ್ ಬರ್ದಿದ್ದೆ ಮಗ?" ಎಂದ.

"ಸುಮ್ನೆ, ಮನರಂಜನೆ ಬಗ್ಗೆ," ಎಂದಳು ಅಮೃತ. ಅಪ್ಪ ಇನ್ನೇನೂ ಕೇಳಲಿಲ್ಲ.

ಅಪ್ಪನ ಬಸ್ಸು ಮಧ್ಯಾಹ್ನ ಮಂಡ್ಯದಿಂದ ಬಂದು ಮದ್ದೂರು ನಿಲ್ದಾಣದಲ್ಲಿ ನಿಲ್ಲುವ ಹೊತ್ತಿಗೆ ಅಮೃತ ಕಾಲೇಜಿನಿಂದ ಬಂದು ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದಳು. ಆ ಬುಧವಾರ ಡಬ್ಬಿ ಚಾಚಿದ ಕೈ ಚಾಚಿದಂತೆಯೇ ಇತ್ತು, ಹಿಂದಿನಿಂದ ಮರಿಸಿದ್ದಯ್ಯ ಮೇಷ್ಟ್ರ ದನಿ ಕೇಳಿತು. ಅವರಿಗೆ ಅವತ್ತು ಮಧ್ಯಾಹ್ನ ಪಾಠವಿರಲಿಲ್ಲ, ಊರಿಗೆ ಹೊರಟಿದ್ದರು.

"ಏನ್ ಪುಟ್ಟಸ್ವಾಮಿ, ಈ ಹುಡುಗಿ ನಿಮ್ಮ ಮಗಳಾ? ಸರ್ಕಾರಿ ನೌಕರರು ಅಂತ ಬರೆದಿದ್ಲು, ನಾನು ಯಾವುದೋ ಆಫೀಸಿನವರು ಅಂದ್ಕೊಂಡಿದ್ದೆ."

ಅಪ್ಪನ ಕೈ ಟಿಕೆಟ್ ಮಿಷನ್ನಿನ ಮೇಲೆ ನಿಂತಿತು. ಮೇಷ್ಟ್ರಿಗೆ ಒಳ್ಳೆಯ ಪ್ರಬಂಧ ಬಾಯಿಪಾಠವಾಗಿಬಿಡುವ ಅಭ್ಯಾಸ. ಬಸ್ಸಿನ ಮೆಟ್ಟಿಲ ಮೇಲೆ ನಿಂತೇ, ಹತ್ತುವವರನ್ನು ತಡೆದುಕೊಂಡು, ನದಿಯ ತೀರದಿಂದ ಹಿಡಿದು ಇಂಪಾದ ಕಂಠದವರೆಗೆ ರಾಗವಾಗಿ ಒಪ್ಪಿಸಿದರು. "ಪುಣ್ಯವಂತರು ಕಣ್ರೀ ನೀವು. ಪ್ರತಿ ಭಾನುವಾರ ಮನೆಯವರ ಜೊತೆ ಹಾಡ್ಕೊಂಡು ಕೂರೋದು ಅಂದ್ರೇನು. ದಿನಾ ನಿಮ್ಮ ಬಸ್ಸಲ್ಲೇ ಓಡಾಡ್ತೀನಿ, ಒಂದು ದಿನಾನೂ ಬಾಯಿ ಬಿಡಲಿಲ್ಲವಲ್ಲ."

ಅಮೃತಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈಗ ಅಪ್ಪ 'ಯಾವ ನದಿ, ಯಾವ ಹಾಡು' ಅನ್ನುತ್ತಾನೆ, ಮುಗಿಯಿತು ಅಂದುಕೊಂಡಳು.

ಅಪ್ಪ ಅವಳ ಮುಖ ನೋಡಿದ. "ಊಂ ಸಾರ್," ಎಂದ. "ಭಾನ್ವಾರ ಭಾನ್ವಾರ."

"ಹಾಗಾದ್ರೆ ಇವತ್ತು ನಮಗೂ ಒಂದು ಹಾಡು ಆಗಲಿ."

"ಇವತ್ತು ಗಂಟ್ಲು ಕಟ್ಟೈತೆ ಸಾರ್. ಒಳೀಕ್ ಬನ್ನಿ, ಒತ್ತಾಯ್ತು."

ಸೀಟಿ ಊದಿದ. ಬಸ್ಸು ಹೋಯಿತು. ಅಮೃತ ಡೀಸೆಲ್ ಹೊಗೆಯಲ್ಲಿ ನಿಂತೇ ಇದ್ದಳು. ಸುಳ್ಳು ಸಿಕ್ಕಿಬಿದ್ದದ್ದಲ್ಲ ಅವಳನ್ನು ಸುಟ್ಟದ್ದು. 'ಯಾವುದೋ ಆಫೀಸಿನವರು' ಎಂದಾಗ ನಿಂತುಹೋಯಿತಲ್ಲ ಅಪ್ಪನ ಕೈ, ಅದು. ನನ್ನ ಮಗಳಿಗೆ ನನ್ನ ಖಾಕಿ ಅಂಗಿ ನಾಚಿಕೆಯೇ ಎಂದು ಅಪ್ಪ ಅಂದುಕೊಂಡಿರುತ್ತಾನೆ. ಅಂದುಕೊಳ್ಳದೆ ಇನ್ನೇನು?

ಗುರುವಾರ ರಾತ್ರಿ ಅಪ್ಪ ಮನೆಗೆ ಬಂದ. ಮುದ್ದೆ ಮುರಿದ, ಉಂಡ, ಕೈ ತೊಳೆದ. ಬಸ್ಸು ಮನೆಯೊಳಗೆ ಬರಲಿಲ್ಲ.

"ಯಾಕ್ಲಾ ಪುಟ್ಟ, ಇವತ್ತು ನಿನ್ ಬಸ್ಗೆ ಯಾರೂ ಅತ್ನಿಲ್ವಾ?" ಎಂದಳು ಅಜ್ಜಿ.

"ಅತ್ತಿದ್ರು ಕಣವ್ವ," ಎಂದು ಅಪ್ಪ ಮಗ್ಗುಲಾದ.

"ಯಾರೋ ಏನೋ ಅಂದವ್ರೆ ಇವ್ನಿಗೆ," ಎಂದಳು ಅಜ್ಜಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಮೃತ ತಟ್ಟೆ ಎತ್ತಿಕೊಂಡು ಎದ್ದುಹೋದಳು. ನಲ್ಲಿಯ ಕೆಳಗೆ ತಟ್ಟೆ ಹಿಡಿದು ಅತ್ತಳು. ಆ ರಾತ್ರಿ ಮನೆ ಎಷ್ಟು ಖಾಲಿ ಅನ್ನಿಸಿತೆಂದರೆ, ತಾನು ಇಷ್ಟು ವರ್ಷ ಯಾವುದಕ್ಕಾಗಿ ಓದುವ ನೆವದಲ್ಲಿ ಎದ್ದಿರುತ್ತಿದ್ದೆ ಎಂಬುದು ಅವಳಿಗೆ ಅವತ್ತು ತಿಳಿಯಿತು. ಕ್ಷಮೆ ಕೇಳಬೇಕೆಂದು ಶುಕ್ರವಾರ ಬೆಳಗ್ಗೆ ಎದ್ದರೆ, ಅಪ್ಪ ಆಗಲೇ ಮೊದಲ ಬಸ್ಸಿಗೆ ಹೋಗಿಯಾಗಿತ್ತು. ಪ್ರಬಂಧದಲ್ಲಿ ಪುಟಗಟ್ಟಲೆ ಬರೆಯುವವಳಿಗೆ ಮಧ್ಯಾಹ್ನ ಡಬ್ಬಿ ಕೊಡುವಾಗಲೂ ಒಂದು ಸಾಲು ಬಾಯಿಗೆ ಬರಲಿಲ್ಲ.

ಭಾನುವಾರ ಎದ್ದು ನೋಡಿದರೆ ಅಪ್ಪ ಮನೆಯಲ್ಲೇ ಇದ್ದ. ಒಗೆದ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದ. ಜೊತೆಯ ಕಂಡಕ್ಟರು ಕೆಂಪಸಿದ್ದಯ್ಯನಿಗೆ ಹೇಳಿ ಡ್ಯೂಟಿ ಬದಲಾಯಿಸಿಕೊಂಡಿದ್ದನಂತೆ.

"ಎಲ್ಲಾ ಒಂಡ್ರಿ, ಒಳೆ ತಾವ್ಕೆ ಓಗ್ಮ," ಎಂದ.

"ಬಟ್ಟೆ ಒಗ್ಯೋಕಾ?" ಎಂದಳು ಅಮ್ಮ.

"ಕುಂತ್ಕೊಳ್ಳೋಕೆ."

"ಒಳೇಲಿ ಏನೈತ್ಲಾ, ನೀರೇ ತಾನೆ," ಎಂದಳು ಅಜ್ಜಿ.

"ನಿನ್ ಮೊಮ್ಮಗ್ಳು ಬರ್ದವ್ಳೆ, ಪ್ರೈಜು ಬಂದೈತೆ. ಅದ್ರಲ್ಲಿ ಎಂಗೈತೋ ಅಂಗೇ ಮಾಡ್ಬೇಕು. ಇವ್ಳು ಬುತ್ತಿ ಕಟ್ಕೋಬೇಕು, ನೀನು ನೀತಿಕತೆ ಯೋಳ್ಬೇಕು, ನಾನು ಪದ ಯೋಳ್ಬೇಕು."

ಅಪ್ಪ ಅಣಕಿಸುತ್ತಿದ್ದಾನೋ, ಸಿಟ್ಟೋ, ನೋವೋ, ಅಮೃತಳಿಗೆ ಅಳೆಯಲಾಗಲಿಲ್ಲ. ಅಮ್ಮ ಗೊಣಗುತ್ತಲೇ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದಳು. ಊರ ದೇವಸ್ಥಾನದ ಹಿಂಬದಿಯಿಂದ ಇಳಿದು, ನಾಲ್ಕೂ ಜನ ಬಂಡೆಯ ಮೇಲೆ ಟವಲು ಹಾಸಿ ಸಾಲಾಗಿ ಕೂತರು. ಗ್ರೂಪ್ ಫೋಟೋಕ್ಕೆ ಕೂತ ಹಾಗಿತ್ತು. ಆಚೆ ದಡದಲ್ಲಿ ಯಾರೋ ಎಮ್ಮೆಯ ಮೈ ಉಜ್ಜುತ್ತಿದ್ದ.

"ಊಂ, ಮೊದ್ಲು ನೀತಿಕತೆ," ಎಂದ ಅಪ್ಪ.

ಅಜ್ಜಿ ಸ್ವಲ್ಪ ಯೋಚಿಸಿದಳು. "ಒಂದೂರಲ್ಲಿ ಒಬ್ಳು ಸೊಸೆ ಇದ್ಲು. ಅತ್ತೆ ಮಲೀಕಂಡ ಮ್ಯಾಲೆ ಗಡಿಗೇಲಿದ್ದ ಬೆಣ್ಣೆ ತಿಂತಿದ್ಲು. ಅತ್ತೆಗೆ ಸಾಯೋಗಂಟ ಗೊತ್ತಾಗ್ನಿಲ್ಲ. ಅಷ್ಟೇಯ."

"ಇದ್ರಲ್ಲಿ ನೀತಿ ಏನತ್ತೆ?" ಎಂದಳು ಅಮ್ಮ.

"ಬೆಣ್ಣೆ ತಿಂದ್ಮೇಲೆ ಬಾಯಿ ಒರುಸ್ಕೋಬೇಕು."

ಆ ಸೊಸೆ ಯಾರೆಂದು ಯಾರೂ ಕೇಳಲಿಲ್ಲ, ಅಜ್ಜಿಯ ಮುಖವೇ ಹೇಳುತ್ತಿತ್ತು. ಇನ್ನು ಅಪ್ಪನ ಸರದಿ. ಅವನು ಗಂಟಲು ಸರಿಮಾಡಿಕೊಂಡು, ನೀರಿನ ಕಡೆ ತಿರುಗಿ, ಯಾವುದೋ ಹಳೆಯ ಪದ ಎತ್ತಿಕೊಂಡ. ರಾಗ ಒಂದು ಕಡೆ ಹೋಯಿತು, ಮಾತು ಇನ್ನೊಂದು ಕಡೆ. ಮೇಲಿನ ದನಿಗೆ ಏರಬೇಕಾದಲ್ಲಿ ಬರೀ ಗಾಳಿ ಬಂತು. ಎಮ್ಮೆ ತಲೆಯೆತ್ತಿ ನೋಡಿತು. ಅಮ್ಮ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಪ್ಪ ನಿಲ್ಲಿಸಲಿಲ್ಲ. ಕತ್ತಿನ ನರ ಉಬ್ಬಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದ.

"ಸಾಕು ಬುಡಪ್ಪ," ಎಂದಳು ಅಮೃತ. ಅವಳಿಗೆ ಅಳು ಒತ್ತಿಕೊಂಡು ಬಂದಿತ್ತು. "ನಾನು ಸುಳ್ಳು ಬರ್ದೆ. ಎಲ್ಲಾ ಸುಳ್ಳೇ. ಕಂಡಕ್ಟ್ರು ಅಂತನೂ ಬರೀಲಿಲ್ಲ. ನೀನು ಬೇಜಾರ್ ಮಾಡ್ಕೊಂಡು ಹಿಂಗೆಲ್ಲಾ ಮಾಡ್ಬೇಡ."

ಅಪ್ಪ ಹಾಡು ನಿಲ್ಲಿಸಿದ. "ಸುಳ್ಳು ಅಂತ ಗೊತ್ತಿಲ್ವಾ ಮಗ ನಂಗೆ? ನಾನೂ ನಮ್ಮನೇಲೇ ಅಲ್ವಾ ಇರೋದು?" ಎಂದ. "ಸಿಟ್ಟಿಲ್ಲ ಕಣವ್ವ. ಆವತ್ತು ಮೇಷ್ಟ್ರು ಬಸ್ಸಲ್ಲಿ ಯೋಳ್ತಾವ್ರೆ, ನಂಗೆ ಆ ಅಪ್ಪನ್ನ ಕಂಡು ಒಟ್ಟೆಕಿಚ್ಚಾಯ್ತು. ವಾರವಾರ ಮಗ್ಳ ಜೊತೇಲಿ ಕುಂತವ್ನಲ್ಲ ಬಡ್ಡೀಮಗ. ನೀನು ಇಷ್ಟುದ್ದ ಆಗೋಗಂಟ ನಾನೆಲ್ಲಿ ಕುಂತೆ? ಒಂದಿನನಾದ್ರೂ ಅವ್ನಂಗೆ ಇದ್ದು ನೋಡ್ಮ ಅನ್ನುಸ್ತು. ಅಷ್ಟೇಯ."

ಅಮೃತ ದುಪಟ್ಟಾದಿಂದ ಮೂಗು ಒರೆಸಿಕೊಂಡಳು. "ಆ ಅಪ್ಪ ನಂಗ್ ಬ್ಯಾಡ," ಎಂದಳು. "ಅವ್ನಿಗೆ ನಗ್ಸೋಕೇ ಬರಲ್ಲ. ಗುರುವಾರ ನೀನು ಒಂದ್ ಮಾತೂ ಆಡ್ದೆ ಮಲಿಕೊಂಡ್ಯಲ್ಲ, ನಂಗೆ ನಿದ್ದೆನೇ ಬರ್ಲಿಲ್ಲ."

ಅಪ್ಪ ಟವಲಿನ ತುದಿಯಿಂದ ಮುಖ ಒರೆಸಿಕೊಂಡ, ಬೆವರೇನೂ ಇರಲಿಲ್ಲ. ಆಮೇಲೆ ಎದ್ದು ನಿಂತು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಬಂಡೆಯ ಅಂಚನ್ನೇ ಬಸ್ಸಿನ ಮೆಟ್ಟಿಲು ಮಾಡಿಕೊಂಡು, ಮರಿಸಿದ್ದಯ್ಯ ಮೇಷ್ಟ್ರ ದನಿಯಲ್ಲಿ ಶುರುಮಾಡಿದ: "ತಂದೆಯವರ ಕಂಠ ಬಹಳ ಇಂಪಾದದ್ದು..." ಹಿಂದೆ ಹತ್ತಲಾಗದೆ ನಿಂತವರ ದನಿಯೂ ನಡುನಡುವೆ ಬಂತು: "ಇಂಪು ಆಮೇಲ್ ಆಗ್ಲಿ, ಜಾಗ ಬುಡಿ ಸ್ವಾಮಿ." ಅಷ್ಟರಲ್ಲಿ ಡಬ್ಬಿಗೆ ಕೈ ಹಾಕಿದ್ದ ಅಜ್ಜಿಗೆ ಚಿತ್ರಾನ್ನ ನೆತ್ತಿಗೆ ಹತ್ತಿತು. ಅಮ್ಮ ಬೆನ್ನು ತಟ್ಟುತ್ತ, ತಾನೇ ನಗುತ್ತ ಅವಳ ಮೇಲೇ ಒರಗಿದಳು. ಅಮೃತ ಅಳುತ್ತಿದ್ದವಳು ಯಾವಾಗ ನಗತೊಡಗಿದಳೋ ಅವಳಿಗೇ ಗೊತ್ತಾಗಲಿಲ್ಲ.

ಬಿಸಿಲೇರಿದಾಗ ಎದ್ದರು. ಅಮ್ಮ ಅಜ್ಜಿಯ ಕೈ ಹಿಡಿದು ಮುಂದೆ ಹೋಗುತ್ತಿದ್ದಳು. ಅಪ್ಪ ಖಾಲಿ ಡಬ್ಬಿ ಹಿಡಿದುಕೊಂಡು ಅಮೃತಳ ಪಕ್ಕದಲ್ಲಿ ನಡೆಯುತ್ತಿದ್ದವನು, ಅವಳ ಕಡೆ ನೋಡದೆಯೇ ಕೇಳಿದ.

"ಕಂಡಕ್ಟ್ರು ಅಂತ ಬರ್ದಿದ್ರೆ ಪ್ರೈಜು ಬತ್ತಿರ್ನಿಲ್ವಾ ಮಗ?"

ಅಮೃತ ನಿಂತಳು. ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. ಅಂಥ ಸಾಲುಗಳು ಅವಳಿಗೆ ಬೇಕಾದಷ್ಟು ಬರುತ್ತಿದ್ದವು.

"ಗೊತ್ತಿಲ್ಲಪ್ಪ," ಎಂದಳು. "ನಾನು ಬರ್ದೇ ನೋಡ್ಲಿಲ್ಲ."

ಅಪ್ಪ ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡು, ಬಿಡುವಾದ ಕೈಯನ್ನು ಅವಳ ತಲೆಯ ಮೇಲಿಟ್ಟ.

"ಪರ್ವಾಗಿಲ್ಲ ಬುಡು," ಎಂದ. "ನಾನೂ ಇವತ್ತಿನ್ಗಂಟ ಪದ ಯೋಳಿ ನೋಡಿರ್ನಿಲ್ಲ."